ತೋಟಾ ಪಟ್ಟಿ ಅಂಟಿಸಿದವರು

ಗಂಗಾವತಿಯ ಬಂದೂಕು ರಿಪೇರಿಯ ಕಾಕಾ ಯಾವ ಬಂದೂಕು ಬಂದರೂ ಖಾಲಿ ಇದೆಯೇ ಎಂದು ನೋಡಿ, ಅದರ ಮೇಲೆ ಹೆಬ್ಬೆರಳು ಎಳೆಯುತ್ತಿದ್ದರು. "ಮೊದಲ ಇದರ ಮೈ ನೋಡೂಣು" ಎನ್ನುವುದು ಅವರ ಮಾತು.

ಗುರಿ ಹೊಡೆಯುವ ಸ್ಪರ್ಧೆಯ ನಡುವೆ ನನ್ನ ಶಾಟ್‌ಗನ್ನಿಗೆ ನಾನೇ ಅಂಟಿಸಿದ್ದ ತೋಟಾ ಪಟ್ಟಿ, ಅಂದರೆ ಹೆಚ್ಚುವರಿ ತೋಟಾ ಸಿಕ್ಕಿಸಿಡುವ ಪಟ್ಟಿ, ಕಳಚಿಬಿದ್ದು, ನಾನು ಸೋತು ಬಂದಿದ್ದೆ.

"ಅಂಟೇ ಸರಿ ಇಲ್ರಿ ಕಾಕಾ" ಎಂದೆ.

ಅವರು ಪಟ್ಟಿಯ ಬೆನ್ನು ತಿರುಗಿಸಿದರು. ಪಟ್ಟಿ ಅಂಟಿಸುವ ಮೊದಲು ಆಯುಧಪೂಜೆಗೆ ನಾನು ಬಂದೂಕಿಗೆ ಎಳೆದಿದ್ದ ವಿಭೂತಿಯ ಮೂರು ಗೆರೆ ಅಲ್ಲಿ ಅಚ್ಚೊತ್ತಿದ್ದವು.

"ದೇವರು ಮ್ಯಾಲ ಇರಲಿ ತಂಗಿ. ಅಂಟಿನ ಕೆಳಗ ಏನೂ ಇರಬಾರದು."

ಬಂದೂಕಿನ ಮೇಲೆ ಉಳಿದ ವಿಭೂತಿಯನ್ನು ಹಣೆಗೆ ಹಚ್ಚಿಕೊಂಡು, ಸ್ಪಿರಿಟ್‌ನಿಂದ ಒರೆಸಿ, ಹೊಸ ಪಟ್ಟಿ ಅಂಟಿಸಿದರು. ಒಂದು ದಿನ ಮುಟ್ಟಗೊಡಲಿಲ್ಲ. ಮರುದಿನ ಪಟ್ಟಿಗೆ ಖಾಲಿ ತೋಟಾ ಸಿಕ್ಕಿಸಿ, ಬಂದೂಕನ್ನು ತಲೆಕೆಳಗು ಹಿಡಿದು ಜೋರಾಗಿ ಕೊಡವಿದರು. ಪಟ್ಟಿ ಕದಲಲಿಲ್ಲ, ತೋಟಾ ಒಂದೂ ಬೀಳಲಿಲ್ಲ.

ಆಮೇಲೆ ಪಟ್ಟಿಯ ಮೇಲೆ ತಾವೇ ಮೂರು ಗೆರೆ ಎಳೆದುಕೊಟ್ಟರು.