ಸ್ತೂದ್ಯೊ, ಸ್ಟುಡಿಯೋ ಅಲ್ಲ

ಪಟ್, ಪಟ. ಪಟ್, ಪಟ. ಮೊದಲ ಏಟು ಭಾರ, ಎರಡನೆಯದು ಹಗುರ. ಆಳಂದದ ಮಿಷನ್ ಆಸ್ಪತ್ರೆಯ ಅಡುಗೆಮನೆಯಲ್ಲಿ ಬೆಳಗಾಗುತ್ತಿದ್ದದ್ದು ಶಿವಕಾಂತಾ ರೊಟ್ಟಿ ಬಡಿಯುವ ಸಪ್ಪಳದಿಂದ. 1986ರ ಆ ಚಳಿಗಾಲದಲ್ಲಿ ಏಟಿನ ಜೊತೆಗೆ ಒಂದು ಮಾತೂ ಕೇಳುತ್ತಿತ್ತು: "ಸ್ತೂ-ದ್ಯೊ. ಸ್ತೂ-ದ್ಯೊ."

ನಿಂಬರ್ಗಾದ ಈ ಹುಡುಗಿ ಹಗಲೆಲ್ಲ ಆಯಾ. ಸಂಜೆ ಸಿಸ್ಟರ್ ಅಗ್ನೇಸೆಯ ಇಟಾಲಿಯನ್ ಪಾಠದಲ್ಲಿ ವಿದ್ಯಾರ್ಥಿನಿ. ಮೌಖಿಕ ಪರೀಕ್ಷೆ ದಾಟಿದರೆ ಇಟಲಿಗೆ ಹೋಗಿ ನರ್ಸಿಂಗ್ ಕಲಿಯಬಹುದು. ಅಡ್ಡ ನಿಂತದ್ದು ಒಂದು ಕ್ರಿಯಾಪದ. 'ನಾನು ಓದುತ್ತೇನೆ' ಎನ್ನಲು ಆ ಭಾಷೆಯಲ್ಲಿ ಎರಡೇ ತುಂಡು: ಸ್ತೂ, ದ್ಯೊ. ಒತ್ತು ಮೊದಲನೆಯದರ ಮೇಲೆ, ಕೊನೆ ಮೊಟಕು. ಶಿವಕಾಂತಾಳ ನಾಲಿಗೆ ಅದನ್ನು ಮೂರು ತುಂಡು ಮಾಡಿ ಕೊನೆಯನ್ನು ಎಳೆಯುತ್ತಿತ್ತು, ಬಸ್‌ಸ್ಟ್ಯಾಂಡ್ ಎದುರಿನ ಫೋಟೋ ಅಂಗಡಿಯ ಹಾಗೆ: ಸ್ಟುಡಿಯೋ.

ಇಟಲಿಯಿಂದ ಬಂದು ಇಪ್ಪತ್ತು ವರ್ಷದಿಂದ ಇದೇ ಊರಲ್ಲಿದ್ದ ಸಿಸ್ಟರ್ ನಗುತ್ತಿದ್ದರು. "ಒತ್ತು ಕೊನಿಗಿ ಹೋದ್ರ ಅದು ನೀ ಅಲ್ಲವ್ವ. 'ಆಕಿ ಓದಿದಳು' ಅಂತ ಆಗ್ತದ. ಓದಿದಳು, ಮುಗೀತು. ಯಾರಕಿ?"

"ಯಾರರೆ ಇರ್ಲಿ, ನಾ ಅಲ್ರಿ," ಎಂದವಳು ಮರುದಿನದಿಂದಲೇ ಆ ಪದವನ್ನು ರೊಟ್ಟಿಯ ಮೇಲೆ ಬಡಿಯತೊಡಗಿದಳು.

ಪರೀಕ್ಷೆಯ ಹಿಂದಿನ ಸಂಜೆ ಅಣ್ಣ ಹಣಮಂತರಾಯ ಬಂದ. ಅಫಜಲಪುರದ ಕಡೆಯ ವರನ ಮನೆಯವರು ಹುಡುಗಿಯ ಫೋಟೋ ಕೇಳಿದ್ದರು. ಚೀಲದಿಂದ ಅವ್ವನ ಇಳಕಲ್ ಸೀರೆ ತೆಗೆದುಕೊಟ್ಟ.

"ಮಾರಿ ತೊಳ್ಕೊಂಡು ಇದನ್ನ ಉಟ್ಕೋ ಬೇ. ಲಗೂ ನಡಿ."

"ನಂದು ಪಾಠ ಅದ ಅಣ್ಣಾ."

"ಮೆಟ್ರಿಕ್ ಓದೀದಿ. ಓದಿದ್ದು ಮುಗೀತು. ಇನ್ನೇನ್ ಪಾಠ?"

ಓದಿದಳು, ಮುಗೀತು. ಸಿಸ್ಟರ್ ಕೇಳುತ್ತಿದ್ದ 'ಆಕಿ' ಯಾರೆಂದು ಶಿವಕಾಂತಾಳಿಗೆ ಆಗ ಹೊಳೆಯಿತು. ಅಣ್ಣನಿಗೆ ಬೇಕಾದದ್ದು ಆ 'ಆಕಿ'ಯ ಫೋಟೋ.

"ಸ್ತೂದ್ಯೊ," ಎಂದಳು, ಅವನ ಕಣ್ಣಲ್ಲಿ ಕಣ್ಣಿಟ್ಟು.

ಹಣಮಂತರಾಯನ ಮುಖ ಅರಳಿತು. "ಹಾಂ, ಸ್ಟುಡಿಯೋಕ್ಕೇ ನಡಿ ಅನ್ನಾಕತ್ತೇನಿ!"

"ಸ್ಟುಡಿಯೋ ಅಲ್ಲ. ಸ್ತೂದ್ಯೊ. ನಾ ಓದಾಕತ್ತೇನಿ ಅಂತ ಅದರ ಅರ್ಥ. ಇನ್ನಾ ಮುಗದಿಲ್ಲ."

"ನೀ ಕನ್ನಡದಾಗ ಮಾತಾಡ ಬೇ!"

"ಕನ್ನಡದಾಗ ಹೇಳೇನಲ್ಲ? ನಾ ಬರಂಗಿಲ್ಲ."

"ಬೀಗರಿಗೆ ಏನ್ ಹೇಳ್ಲಿ? ನಾಳಿ ಅವರು ಮನಿಗೆ ಬಂದು, ಎಲ್ಲಿ ಅದ ಫೋಟೋ ಅಂತ..."

ಪಾಠದ ಗಂಟೆ ಹೊಡೆಯಿತು. ಶಿವಕಾಂತಾ ಸೀರೆಯ ಮಡಿಕೆ ಕೆಡದಂತೆ ಅದನ್ನು ಅಣ್ಣನ ಚೀಲಕ್ಕೆ ಇಳಿಸಿದಳು. ಅವನಿನ್ನೂ ಬೀಗರ ಹೆಸರು ಹಿಡಿದು ಹೇಳುತ್ತಲೇ ಇದ್ದ. ಅವಳು ಆಗಲೇ ವರಾಂಡದ ತಿರುವು ದಾಟಿದ್ದಳು.