ಎಡದ ನಾಣ್ಯ, ಬಲದ ನಾಣ್ಯ

ಕನ್ನಡಕದ ಅಂಗಡಿಯವನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇದ್ದೇ ಇತ್ತು, ಆದರೆ ಅದು ಬಳಕೆಯಿಲ್ಲದೆ ಮೂಲೆ ಸೇರಿತ್ತು. ಬೀದಿಯವರ ಬಾಯಲ್ಲಿ ಅವನು ‘ಇದೋ-ಅದೋ’. ಕಣ್ಣು ತೋರಿಸಲು ಬಂದವರನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿ, ಮೂಗಿನ ಮೇಲೆ ಭಾರದ ಚೌಕಟ್ಟು ಏರಿಸಿ, ಒಂದೊಂದೇ ಗಾಜು ಬದಲಿಸುತ್ತ ‘ಇದು ಚೆನ್ನಾಗಿ ಕಾಣುತ್ತೋ, ಅದೋ?’ ಎಂದು ಕೇಳುವುದೇ ಅವನ ಕಸುಬು. ‘ಎರಡೂ ಒಂದೇ ಥರ’ ಎಂದವರನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. ಲೋಕದಲ್ಲಿ ಯಾವ ಎರಡು ವಸ್ತುವೂ ಒಂದೇ ಥರ ಇರುವುದಿಲ್ಲ, ನೋಡುವವರಿಗೆ ಸೋಮಾರಿತನ, ಅಷ್ಟೇ ಎಂಬುದು ಅವನ ಸಿದ್ಧಾಂತ. ಅದನ್ನು ಅಂಗಡಿಯಲ್ಲೇ ಬಿಟ್ಟು ಬಂದಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಮಹರಾಯ ಅದನ್ನು ದಿನಾ ಸಂಜೆ ಮನೆಗೂ ತರುತ್ತಿದ್ದ.

ಮನೆಯಲ್ಲಿ ಅವನು ಹಳೆಯ ನಾಣ್ಯ ಕೂಡಿಸುತ್ತಿದ್ದ. ಮಖಮಲ್ಲು ಹೊದಿಸಿದ ಮರದ ತಟ್ಟೆಗಳು, ತಟ್ಟೆಯ ತುಂಬ ಗುಳಿಗಳು, ಒಂದು ಗುಳಿಗೆ ಒಂದೇ ನಾಣ್ಯ. ಅದೇ ಜಾತಿಯ, ಅದೇ ವರ್ಷದ ಇನ್ನೊಂದು ಕೈಗೆ ಬಂದರೆ ಎರಡನ್ನೂ ಅಕ್ಕಪಕ್ಕ ಇಟ್ಟು ತೂಗಿ ನೋಡಬೇಕು, ಸೋತದ್ದು ಮನೆಯಿಂದಾಚೆ. ಈ ತೂಗಿನೋಟದಲ್ಲಿ ಅವನು ಪಳಗಿದ ಕೈ. ನಾಣ್ಯದ ಮೇಲೆ ಎಲ್ಲಕ್ಕಿಂತ ಉಬ್ಬಿರುವ ಜಾಗವೇ ಮೊದಲು ಸವೆಯುತ್ತದೆ, ಆದ್ದರಿಂದ ಮುಖ ನೋಡುವುದಲ್ಲ, ಮೂಗು ನೋಡಬೇಕು ಎನ್ನುತ್ತಿದ್ದ. ಸವೆದು ಮಸುಕಾದದ್ದು ಬೇರೆ, ಅಚ್ಚು ಸರಿಯಾಗಿ ಬೀಳದೆ ಹುಟ್ಟುವಾಗಲೇ ಮಸುಕಾದದ್ದು ಬೇರೆ; ಮೊದಲನೆಯದು ನಾಣ್ಯದ ತಪ್ಪು, ಎರಡನೆಯದು ಅದರ ಹಣೆಬರಹ. ಇನ್ನು ತಾಮ್ರಕ್ಕೆ ವಯಸ್ಸು ಕೊಟ್ಟ ಕಂದು ಬಣ್ಣವನ್ನು ತಿಕ್ಕಿ ಬೆಳಗಿಸುವವರಿಗೆ ಅವನ ಪ್ರಕಾರ ಜೈಲೇ ಆಗಬೇಕು. ನಾಣ್ಯವನ್ನು ಅಂಚಿನಲ್ಲಿ ಹಿಡಿಯಬೇಕು, ಬೆರಳಿನ ಜಿಡ್ಡು ತಾಕಿದರೆ ಕೆಟ್ಟಿತು. ಹೀಗಾಗಿ ಆ ತಟ್ಟೆಗಳಿದ್ದ ಮೇಜಿನ ಖಾನೆಗೆ ಬೀಗ. ಶಾಲೆಯ ಸಮವಸ್ತ್ರ ಹೊಲಿದು ಸಂಸಾರಕ್ಕೆ ಕೈಜೋಡಿಸುತ್ತಿದ್ದ ಹೆಂಡತಿಗೂ ಆ ಖಾನೆಯಲ್ಲಿ ಪ್ರವೇಶವಿರಲಿಲ್ಲ. ನಾಣ್ಯ ನೋಡಲು ಅವನು ಕಿತ್ತು ತರುತ್ತಿದ್ದ ಅವಳ ಹೊಲಿಗೆ ಯಂತ್ರದ ದೀಪಕ್ಕೆ ಮಾತ್ರ ಇತ್ತು.

ನಾಣ್ಯದ ಹುಚ್ಚು ಅಂಟಿಸಿಕೊಂಡ ಇನ್ನೊಬ್ಬನೆಂದರೆ ಅವನ ಷಡ್ಕ, ಹೆಂಡತಿಯ ತಂಗಿಯ ಗಂಡ. ಪಕ್ಕದ ಬೀದಿಯಲ್ಲಿ ಅವನದು ಲಾಂಡ್ರಿ. ಕಣ್ಣಿಗೆ ಬಿದ್ದದ್ದನ್ನೆಲ್ಲ ಒಗೆಯುವುದೇ ಹೊಟ್ಟೆಪಾಡಾದವನಿಗೆ ನಾಣ್ಯ ಒಗೆಯಬಾರದೆಂಬ ಕಟ್ಟಳೆ ಪಾಲಿಸುವುದು ಎಂಥ ಸಂಕಟ ಎಂಬುದು ಅವನಿಗೇ ಗೊತ್ತು. ಆದರೂ ಪಾಲಿಸುತ್ತಿದ್ದ, ಹಿರಿಯ ಷಡ್ಕನ ಮಾತೆಂದರೆ ಅಷ್ಟು ಗೌರವ. ಆ ಗೌರವಕ್ಕೆ ಕುತ್ತು ಬಂದದ್ದು ಮಾವ ತೀರಿಕೊಂಡ ಮೇಲೆ.

ಮಾವ ಬಿಟ್ಟುಹೋದ ತಗಡಿನ ಡಬ್ಬಿಯಲ್ಲಿ ಎರಡು ತಾಮ್ರದ ನಾಣ್ಯಗಳಿದ್ದವು. ಒಂದೇ ವರ್ಷ, ಒಂದೇ ಟಂಕಸಾಲೆ, ಎರಡರ ಮೇಲೂ ಹಾಯಿ ಬಿಚ್ಚಿದ ಹಡಗು. ಎರಡು ಮನೆಗೆ ಒಂದೊಂದು ಎಂದು ಮಾವ ಬಾಯಿಮಾತಿನಲ್ಲಿ ಹೇಳಿದ್ದರು. ಯಾವುದು ಯಾರಿಗೆ ಎಂದು ಹೇಳಿರಲಿಲ್ಲ. ಕಿರಿಯವನು, ಅಣ್ಣ ನೀವೇ ನೋಡಿ ಚೆನ್ನಾಗಿರೋದನ್ನ ಇಟ್ಕೊಳ್ಳಿ ಎಂದ. ಹಿರಿಯವನಿಗೆ ದೊಡ್ಡತನ ಉಕ್ಕಿ ಬಂತು. ಚೆನ್ನಾಗಿರುವುದು ನಿನಗೇ, ಆದರೆ ಯಾವುದು ಚೆನ್ನಾಗಿದೆ ಎಂದು ಮೊದಲು ಗೊತ್ತಾಗಬೇಕಲ್ಲ ಎಂದು ಎರಡನ್ನೂ ಮನೆಗೆ ತಂದು ಬೀಗ ಹಾಕಿದ. ಅಲ್ಲಿಗೆ ಎಲ್ಲರ ನೆಮ್ಮದಿಗೂ ಬೀಗ ಬಿತ್ತು.

ಗುರುತಿಗೆ ತೊಂದರೆಯಿರಲಿಲ್ಲ. ಒಂದರ ಅಂಚಿನಲ್ಲಿ ಸಣ್ಣ ಪೆಟ್ಟು, ಇನ್ನೊಂದರಲ್ಲಿ ಹಡಗಿನ ಬಾವುಟದ ಪಕ್ಕ ಕೂದಲೆಳೆಯಂಥ ಗೀರು. ಪೆಟ್ಟು ಯಾವನೋ ಸಿಪಾಯಿಯ ಜೇಬಿನಿಂದ ಬಿದ್ದಾಗ ಆದದ್ದು, ಗೀರು ಟಂಕಸಾಲೆಯ ಚೀಲದಲ್ಲಿ ಬೇರೆ ನಾಣ್ಯ ಉಜ್ಜಿ ಆದದ್ದು ಎಂದು ಅವನು ಕಣ್ಣಾರೆ ಕಂಡವನಂತೆ ವಿವರಿಸಿದ. ಪೆಟ್ಟು, ಗೀರು ಎಂದೇ ಅವುಗಳಿಗೆ ಹೆಸರಾಯಿತು. ಎರಡರ ದೋಷವೂ ಸಮ ಸಮ, ಆದ್ದರಿಂದ ತೀರ್ಪು ನಿಂತಿದ್ದು ಹಾಯಿಯ ಹಗ್ಗಗಳ ಮೇಲೆ. ಅಲ್ಲೇ ಎಲ್ಲಕ್ಕಿಂತ ಉಬ್ಬು, ಅಲ್ಲೇ ಸವೆತ.

ಇದಕ್ಕೆಂದೇ ಅವನು ಒಂದು ಉಪಕರಣ ಕಟ್ಟಿದ. ಹಳೆಯ ಕನ್ನಡಕದ ಚೌಕಟ್ಟಿಗೆ ಎರಡು ದಪ್ಪ ಭೂತಗನ್ನಡಿ ಕೂರಿಸಿ ಸ್ಟ್ಯಾಂಡಿಗೆ ಬಿಗಿದ. ಕೆಳಗೆ ಎರಡು ನಾಣ್ಯ. ಎಡದ ನಾಣ್ಯಕ್ಕೆ ಎಡಗಣ್ಣು, ಬಲದ ನಾಣ್ಯಕ್ಕೆ ಬಲಗಣ್ಣು. ತಲೆ ಅಲುಗಿಸದೆ ಒಂದು ಕಣ್ಣು ಮುಚ್ಚಿ ಒಂದು ತೆರೆದರೆ ಎರಡರ ಹೋಲಿಕೆ ರೆಪ್ಪೆ ಬಡಿಯುವಷ್ಟರಲ್ಲಿ ಮುಗಿಯುತ್ತದೆ. ಜೊತೆಗೆ ಪಕ್ಷಪಾತ ಆಗಬಾರದೆಂದು ಬೆಳಗ್ಗೆ ಎಡಕ್ಕಿದ್ದ ನಾಣ್ಯವನ್ನು ಸಂಜೆ ಬಲಕ್ಕೆ ಇಡುತ್ತಿದ್ದ. ತನ್ನ ಬುದ್ಧಿಗೆ ತಾನೇ ಬೆನ್ನು ತಟ್ಟಿಕೊಳ್ಳುತ್ತಿದ್ದ.

ವಿಚಿತ್ರ ಶುರುವಾದದ್ದು ಆಗಲೇ. ಬೆಳಗ್ಗೆ ಪೆಟ್ಟಿನ ಹಗ್ಗಗಳು ಒಂದೊಂದೂ ಬಿಡಿಬಿಡಿಯಾಗಿ ಕಾಣುತ್ತಿದ್ದವು, ಗೀರು ಪಾಪ ಸವೆದು ಸುಣ್ಣವಾಗಿತ್ತು. ಸಂಜೆಗೆ ನೋಡಿದರೆ ಗೀರು ಮೈತುಂಬಿಕೊಂಡು ನಿಂತಿದೆ, ಪೆಟ್ಟು ಬಾಡಿದೆ. ಯಾರಾದರೂ ಆಗಿದ್ದರೆ ಅಲ್ಲಿಗೇ ಅನುಮಾನ ಪಡುತ್ತಿದ್ದರು. ಇವನು ತಾಮ್ರದ ಮೇಲೆ ಅನುಮಾನಪಟ್ಟ. ಹವೆಗೆ ತಾಮ್ರ ಊದಿಕೊಳ್ಳುತ್ತಿರಬೇಕು ಎಂದು ಕಿಟಕಿ ಮುಚ್ಚಿಸಿದ. ಹೊಲಿಗೆ ಯಂತ್ರದ ದಡದಡಕ್ಕೆ ನಾಣ್ಯ ಸುಸ್ತಾಗುತ್ತಿರಬಹುದು ಎಂದು ಹೆಂಡತಿಯ ಯಂತ್ರವನ್ನು ಅಡುಗೆಮನೆಗೆ ಸಾಗಿಸಿದ. ಕೊನೆಗೆ, ಒಂದೇ ಡಬ್ಬಿಯಲ್ಲಿ ಬೆಳೆದವು, ಸರದಿಯ ಮೇಲೆ ಚೆನ್ನಾಗಿರುತ್ತವೆ ಎಂಬ ತೀರ್ಮಾನಕ್ಕೂ ಬಂದಿದ್ದ.

ಷಡ್ಕನಿಗೆ ದಿನಕ್ಕೊಂದು ಸುದ್ದಿ ಹೋಗುತ್ತಿತ್ತು. ಪೆಟ್ಟು ನಿನಗೆ ಎಂದು ಹೇಳಿ ಕಳಿಸಿದ ಮರುದಿನವೇ, ತಡಿ, ಪೆಟ್ಟು ಈಗ ಕೆಳಗಿಳಿದಿದೆ ಎಂಬ ಸಂದೇಶ. ಮೊದಮೊದಲು ಅವನು ತಲೆಯಾಡಿಸಿದ. ಆಮೇಲೆ ಅವನ ತಲೆಯೊಳಗೆ ಹುಳ ಹೊಕ್ಕಿತು. ತನಗೆ ಅಂತ ಗೊತ್ತು ಮಾಡಿದ್ದೇ ತಡ ಆ ನಾಣ್ಯ ಕೆಡುತ್ತದೆ, ಉಳಿದದ್ದು ಚೆನ್ನಾಗುತ್ತದೆ, ಎರಡೂ ಮಾತ್ರ ಬೀಗದಲ್ಲೇ ಇರುತ್ತವೆ. ಇದೇನು ನಾಣ್ಯವೋ, ಕಣ್ಕಟ್ಟೋ? ಬಾಯಿಬಿಟ್ಟು ಕೇಳುವ ಧೈರ್ಯವಿಲ್ಲದೆ ಅವನು ತನ್ನ ಕೋಪವನ್ನು ಇಸ್ತ್ರಿಯಲ್ಲಿ ತೋರಿಸಿದ. ಇದೋ-ಅದೋನ ಅಂಗಿಗಳು ತೋಳಿಗೆ ಎರಡೆರಡು ಗೆರೆ ಹೊತ್ತು ವಾಪಸು ಬರತೊಡಗಿದವು. ಗಂಡಂದಿರ ಮುನಿಸು ಹೆಂಡತಿಯರಿಗೆ ಹರಡಲು ಎಷ್ಟು ಹೊತ್ತು ಬೇಕು? ಅಕ್ಕ ತಂಗಿ ಒಬ್ಬರಿಗೊಬ್ಬರು ಫೋನು ಮಾಡುವುದನ್ನೇ ಬಿಟ್ಟರು.

ಹೆಂಡತಿಗೆ ಇರುವುದು ಒಬ್ಬಳೇ ತಂಗಿ. ಅಪ್ಪ ಹೋದ ಮೇಲೆ ತವರು ಅಂತ ಉಳಿದದ್ದೇ ಅವಳು. ಅಡುಗೆಮನೆಯಲ್ಲಿ ಒಲೆಯ ಪಕ್ಕ ಕೂತು ಹೊಲಿಯುತ್ತ ಅವಳು ಅತ್ತದ್ದುಂಟು. ಒಂದು ದಿನ ಸೂಜಿ ನಿಲ್ಲಿಸಿ ಬಂದು ಗಂಡನ ಎದುರು ನಿಂತಳು.

‘ಭಾನುವಾರ ಊಟಕ್ಕೆ ಅವರಿಬ್ಬರನ್ನೂ ಕರೆದಿದ್ದೀನಿ. ಅಷ್ಟರೊಳಗೆ ಇತ್ಯರ್ಥ ಆಗಬೇಕು. ಆಗ್ಲಿಲ್ಲ ಅಂದ್ರೆ ತಂಗಿ ಮತ್ತೆ ಈ ಮನೆ ಮೆಟ್ಟಿಲು ಹತ್ತಲ್ಲ. ಅವಳು ಹತ್ತಲ್ಲ ಅಂದ್ರೆ ನಾನೂ ಇಳಿದು ಹೋಗ್ತೀನಿ.’

ಭಾನುವಾರ ಬಂದವರು ಊಟಕ್ಕೆ ಮುಂಚೆ ತೀರ್ಪು ಆಗಲಿ ಎಂದು ಪಟ್ಟುಹಿಡಿದರು. ಮೇಜಿನ ಮೇಲೆ ತಟ್ಟೆ ಬಂತು, ಉಪಕರಣ ಬಂತು, ದೀಪ ಬಂತು. ಇದೋ-ಅದೋ ಬಗ್ಗಿ ಒಂದು ಕಣ್ಣು ಮುಚ್ಚಿದ, ಇನ್ನೊಂದು ಮುಚ್ಚಿದ. ಬಲಕ್ಕಿದ್ದ ಗೀರು ಗೆದ್ದಿದೆ, ಆದ್ದರಿಂದ ಗೀರು ತಮ್ಮನಿಗೆ ಎಂದು ಘೋಷಿಸಿದ. ಷಡ್ಕನ ಮುಖ ಅರಳಿತು. ಎದುರು ಬದಿಯಲ್ಲಿ ಕೂತಿದ್ದ ಅವನು ತನ್ನ ನಾಣ್ಯವನ್ನು ಸರಿಯಾಗಿ ನೋಡಲು ತಟ್ಟೆಯನ್ನು ತನ್ನ ಕಡೆ ತಿರುಗಿಸಿಕೊಂಡ. ಇನ್ನೊಂದು ಸಲ ಖಾತ್ರಿ ಮಾಡಿಬಿಡೋಣ ಎಂದು ಇದೋ-ಅದೋ, ತಟ್ಟೆ ತಿರುಗಿದ್ದಾಗಲಿ ಹಡಗು ತಲೆಕೆಳಗಾದದ್ದಾಗಲಿ ಗಮನಿಸದೆ, ಹಗ್ಗಗಳನ್ನಷ್ಟೇ ನೋಡಲು ಮತ್ತೆ ಬಗ್ಗಿದ. ನೋಡಿ, ಅನುಮಾನವೇ ಇಲ್ಲ, ಬಲಗಡೆಯದೇ ಚೆನ್ನ ಎಂದ.

ಈಗ ಬಲಗಡೆ ಇದ್ದದ್ದು ಪೆಟ್ಟು. ಷಡ್ಕ ಮಾತಾಡದೆ ತಟ್ಟೆ ತಿರುಗಿಸಿದ. ಬಲಗಡೆಯದೇ. ಮತ್ತೆ ತಿರುಗಿಸಿದ. ಬಲಗಡೆಯದೇ. ಕಡೆಗೆ ಹೆಂಡತಿ ಸದ್ದಿಲ್ಲದೆ ಎರಡೂ ನಾಣ್ಯ ಎತ್ತಿಕೊಂಡು, ಆ ಜಾಗದಲ್ಲಿ ಒಂದೇ ಅಳತೆಯ ಎರಡು ಸಮವಸ್ತ್ರದ ಗುಂಡಿಗಳನ್ನಿಟ್ಟಳು. ಬಲಗಡೆ ಗುಂಡಿಯ ತೂತುಗಳು ತುಂಬ ಸ್ಪಷ್ಟವಾಗಿವೆ, ಎಡಗಡೆಯದು ಸವೆದಿದೆ ಎಂದು ಅವನು ತೀರ್ಪು ಕೊಟ್ಟ. ಕೊಟ್ಟ ಮೇಲೆ ನಾಣ್ಯಕ್ಕೆ ತೂತೇಕೆ ಎಂದು ಯೋಚಿಸಿದ.

‘ರೀ,’ ಎಂದಳು ಹೆಂಡತಿ ಮೆಲ್ಲಗೆ, ‘ಸವೆದಿರೋದು ನಾಣ್ಯ ಅಲ್ಲ. ನಿಮ್ಮ ಎಡಗಣ್ಣು.’

ಬೀದಿಯವರ ಕಣ್ಣನ್ನೆಲ್ಲ ನೋಡಿದವನು ತನ್ನದನ್ನು ನೋಡಿಕೊಂಡಿರಲೇ ಇಲ್ಲ. ಕುರ್ಚಿಯಲ್ಲಿ ಕೂತವನೇ ಎದ್ದು ಗಾಜು ಬದಲಿಸುವುದು ಹೇಗೆ? ಷಡ್ಕ ಅವನ ಕೈಹಿಡಿದು ಅಂಗಡಿಗೆ ಕರೆದೊಯ್ದ, ಬಾಗಿಲು ತೆಗೆಸಿ ಅವನದೇ ಕುರ್ಚಿಯಲ್ಲಿ ಕೂರಿಸಿದ, ಬಲಗಣ್ಣಿಗೆ ಕಪ್ಪು ಬಿಲ್ಲೆ ಸಿಕ್ಕಿಸಿ ಕೈಗೆ ಸಿಕ್ಕ ಗಾಜುಗಳನ್ನು ಹಿಂದುಮುಂದಾಗಿ ತೂರಿಸುತ್ತ ಕೇಳಿದ.

‘ಇದೋ, ಅದೋ, ಅಣ್ಣ?’

ಗೋಡೆಯ ಮೇಲಿನ ದೊಡ್ಡ ಅಕ್ಷರವೂ ಹೊಗೆಯ ಹಿಂದೆ ಕೂತಿತ್ತು. ಬೋರ್ಡು ಹಳೇದಾಗಿದೆ ಎಂದ ಅವನು. ಬೋರ್ಡು ಸರಿಯಾಗೇ ಇದೆ ಎಂದ ಷಡ್ಕ. ಇನ್ನೊಂದು ಗಾಜು, ಮತ್ತೊಂದು ಗಾಜು. ಹುಟ್ಟಿದಾಗಿನಿಂದ ಆಡದ ಮಾತೊಂದು ಅವನ ಬಾಯಿಂದ ಬಂತು.

‘ಎರಡೂ ಒಂದೇ ಥರ ಕಣೋ. ಎರಡರಲ್ಲೂ ಏನೂ ಕಾಣ್ತಿಲ್ಲ.’

ಅವನಿಗೆ ಭಯವಾಯಿತು, ಬಹಳ ಭಯವಾಯಿತು. ಷಡ್ಕ ಚೌಕಟ್ಟು ಇಳಿಸಿ, ಅವನ ಕನ್ನಡಕವನ್ನು ತನ್ನ ಅಂಗಿಯ ಚುಂಗಿನಿಂದ ಒರೆಸಿ ಮೂಗಿಗೇರಿಸಿದ. ನೀವು ಮೋಸ ಮಾಡ್ತಿದ್ದೀರಿ ಅಂತ ತಿಳಿದಿದ್ದೆ ಅಣ್ಣ, ಅಂಗಿಗೆಲ್ಲ ಬೇಕಂತಲೇ ಎರಡು ಗೆರೆ ಎಳೆದೆ ಎಂದು ತಲೆ ತಗ್ಗಿಸಿದ. ಇದೋ-ಅದೋ ಬೆಪ್ಪಾದ. ತೋಳಿನ ಮೇಲೆ ಎರಡು ಗೆರೆ ಕಂಡದ್ದೂ ತನ್ನ ಕಣ್ಣಿನ ದೋಷವೇ ಎಂದು ಅವನು ಆಗಷ್ಟೇ ಅಂದುಕೊಂಡಿದ್ದ.

ಮನೆಗೆ ಮರಳಿದಾಗ ತಟ್ಟೆ ಖಾಲಿ. ಅಕ್ಕ ತಂಗಿ ಅಡುಗೆಮನೆಯಲ್ಲಿ ಹೊಲಿಗೆ ಯಂತ್ರಕ್ಕೆ ಒರಗಿ ನಗುತ್ತಿದ್ದರು, ಒಬ್ಬೊಬ್ಬರ ಮುಷ್ಟಿಯಲ್ಲಿ ಒಂದೊಂದು ನಾಣ್ಯ. ಅಂಚು ಹಿಡೀರಿ ಎಂಬ ಕೂಗನ್ನು ಅವನು ನುಂಗಿಕೊಂಡ.

‘ಇದು ನಂದು ಭಾವ,’ ಎಂದಳು ನಾದಿನಿ, ಪೆಟ್ಟನ್ನು ತೋರಿಸಿ. ‘ಚಿಕ್ಕವಳಿದ್ದಾಗ ಮೆಟ್ಟಿಲ ಮೇಲಿಂದ ಬೀಳಿಸಿದ್ದೆ. ಅಪ್ಪನ ಹತ್ರ ಬೈಸಿಕೊಂಡಿದ್ದೆ.’

ಗೀರು ಹೆಂಡತಿಯದು. ತಂಗಿಯದರ ಜೊತೆ ಬೆರೆತುಹೋಗದಿರಲಿ ಎಂದು ತಾನೇ ಹೇರ್‌ಪಿನ್ನಿನಿಂದ ಗುರುತು ಗೀಚಿದ್ದಳಂತೆ. ಸಿಪಾಯಿಯ ಜೇಬೂ ಟಂಕಸಾಲೆಯ ಚೀಲವೂ ಒಟ್ಟಿಗೇ ಮಣ್ಣುಪಾಲಾದವು. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಅವನು ಕೇಳಿದ.

‘ನೀವು ತೋರಿಸಿದ್ದೆಲ್ಲಿ?’ ಎಂದಳು ಹೆಂಡತಿ. ‘ಪೆಟ್ಟು, ಗೀರು ಅಂತ ಬರೀ ಹೆಸರು ಕೇಳ್ತಿದ್ದೆ, ಕಣ್ಣಾರೆ ನೋಡೋವರೆಗೂ ಹಳೇದೆಲ್ಲ ಮರೆತೇ ಹೋಗಿತ್ತು. ನೀವು ಬೈತಿರೋದು ನಮ್ಮ ಬಾಲ್ಯಾನ ಅಂತ ಗೊತ್ತಾಗ್ಲಿಲ್ಲ.’

ಎಡಗಣ್ಣಿಗೆ ಪೊರೆ ಬಂದಿತ್ತು, ಶಸ್ತ್ರಚಿಕಿತ್ಸೆ ಆಯಿತು. ನಾಣ್ಯಗಳು ಯಾವ ಗುಳಿಗೂ ಬರಲಿಲ್ಲ. ಅಕ್ಕನ ಪರ್ಸಿನಲ್ಲೊಂದು, ತಂಗಿಯ ಪರ್ಸಿನಲ್ಲೊಂದು, ಬೀಗದಕೈ, ಸೂಜಿ, ಚಿಲ್ಲರೆಯ ಜೊತೆ ಉರುಳಾಡಿದವು. ಹೆಂಡತಿ ಪರ್ಸು ಅಲುಗಿಸಿದಾಗಲೆಲ್ಲ ಆ ಗಲಗಲ ಕೇಳಲಾರದೆ ಅವನು ಎದ್ದು ಆಚೆ ಹೋಗುತ್ತಿದ್ದ. ಹೊಲಿಗೆ ಯಂತ್ರ ಮತ್ತೆ ಕಿಟಕಿಯ ಪಕ್ಕಕ್ಕೆ ಬಂತು. ಕಣ್ಣಿನ ಪಟ್ಟಿ ಬಿಚ್ಚಿದ ವಾರ ನಾದಿನಿ ನೋಡಲು ಬಂದಾಗ, ಒಂದೇ ಒಂದು ಸಲ ಎರಡನ್ನೂ ತೋರಿಸಿ ಎಂದು ಅವನು ಬೇಡಿಕೊಂಡ. ಅಕ್ಕ ತಂಗಿ ಒಂದೊಂದನ್ನು ಅವನ ಅಂಗೈ ಮೇಲಿಟ್ಟರು. ಉಪಕರಣ ಬೇಕಾಗಲಿಲ್ಲ. ಹಗ್ಗ, ಹಾಯಿ, ಬಾವುಟ, ಹೊಸದಾಗಿ ಬಿದ್ದ ಗೀರುಗಳು, ಎಲ್ಲವೂ ಎರಡು ಕಣ್ಣಿಗೂ ಕಂಡವು.

‘ಯಾವುದು ಚೆನ್ನಾಗಿದೆ ಹೇಳಿ, ಇದೋ ಅದೋ?’ ಎಂದು ಹೆಂಡತಿ ಕೇಳಿದಳು. ತಂಗಿಯೂ ಅವನ ಮುಖವನ್ನೇ ನೋಡುತ್ತಿದ್ದಳು.

ಯಾವುದೆಂದು ಅವನಿಗೆ ನೋಡಿದ ತಕ್ಷಣ ಗೊತ್ತಾಗಿತ್ತು. ಅವನು ಎರಡನ್ನೂ ಅವರವರ ಕೈಗೆ ವಾಪಸು ಕೊಟ್ಟು, ಕಣ್ಣಿಗೆ ಔಷಧಿ ಹಾಕಿಕೊಳ್ಳುವ ಹೊತ್ತಾಯಿತು ಎಂದ.