ಸಮುದ್ರದ ನಡುವೆ ಚುಕ್ಕೆ

ನಮ್ಮ ಮಾವ ಸಿದ್ಧವಾದ ಪ್ರತಿ ಗ್ಲೋಬನ್ನೂ ಕಿವಿಗೆ ಹಿಡಿದು ಅಲ್ಲಾಡಿಸುತ್ತಿದ್ದರು. ಒಳಗೆ ಏನಾದರೂ ಲೊಟಕ್ ಎಂದರೆ, "ಯಾರೋ ಅವಸರ ಮಾಡ್ಯಾರ" ಎಂದು ನಮ್ಮೆಲ್ಲರ ಮುಖ ನೋಡುವರು. ಸದ್ದು ಬರದಿದ್ದರೂ ನೋಡುವರು. ಹಗ್ಗ ಕಂಡರೂ ಹಾವೆನ್ನುವ ಪೈಕಿ.

ಕೊಟ್ಟೂರಿನಲ್ಲಿ ಅವರ ತಂದೆ ರದ್ದಿ ಕಾಗದ ನೆನೆಸಿ ಬೊಂಬೆ ಮಾಡುತ್ತಿದ್ದವರು. ಶಾಲೆಯ ಮಾಸ್ತರರೊಬ್ಬರು ನಜ್ಜುಗುಜ್ಜಾದ ಗ್ಲೋಬನ್ನು ರಿಪೇರಿಗೆ ತಂದದ್ದೇ ಈ ಮನೆಯ ಉದ್ಯೋಗಕ್ಕೆ ಮೂಲ. ಕಾಗದದ ಗುಂಡಿನ ಮೇಲೆ ನಕಾಶೆಯ ಹನ್ನೆರಡು ಪಟ್ಟಿ ಅಂಟಿಸಬೇಕು. ಹನ್ನೊಂದನ್ನು ಮನೆಯಲ್ಲಿ ಯಾರಾದರೂ ಅಂಟಿಸಬಹುದು. ಒದ್ದೆ ಕಾಗದ ಹಿಗ್ಗುವುದರಿಂದ ಹನ್ನೆರಡನೆಯದಕ್ಕೆ ಜಾಗ ಸಾಲುವುದಿಲ್ಲ. ಅದನ್ನು ಕೂರಿಸುವ ಹದ ಮಾವ ಒಬ್ಬರಿಗೇ ಗೊತ್ತಿತ್ತು. ಅದನ್ನು ಅಂಟಿಸುವಾಗ ಕೋಣೆಯ ಚಿಲಕ ಹಾಕಿಕೊಳ್ಳುತ್ತಿದ್ದರು.

ನನ್ನ ತವರು ಹರಪನಹಳ್ಳಿ. ಅಲ್ಲಿಯ ಅಂಗಡಿಯೊಂದರಲ್ಲಿ ಬೇರೆ ಹೆಸರಿನ, ಆದರೆ ನಮ್ಮದರಷ್ಟೇ ನೀಟಾಗಿ ಪಟ್ಟಿ ಕೂತ ಗ್ಲೋಬು ಇದೆಯೆಂದು ಯಾರೋ ಹೇಳಿದ್ದೇ ತಡ, ಮಾವನ ಕಣ್ಣು ನನ್ನ ಕೈಮೇಲೆ ಬಿತ್ತು. ನನಗೆ ಕೊಡುವ ಪಟ್ಟಿಗಳಲ್ಲಿ, ಸಮುದ್ರದ ನಡುವೆ, ಪೆನ್ನಿನಿಂದ ಒಂದು ಚುಕ್ಕೆ ಇಟ್ಟರು: ಇಲ್ಲದ ದ್ವೀಪ. ಅದು ಹರಪನಹಳ್ಳಿಯಲ್ಲಿ ಕಂಡರೆ ಪಟ್ಟಿ ಸಾಗಿಸುವ ಕಳ್ಳಿ ನಾನೇ ಎಂದು ಅವರ ಎಣಿಕೆ. ನಾನೋ, ಮಸಿ ಸಿಡಿದಿದೆಯೆಂದು ಬ್ಲೇಡಿನಿಂದ ಕೆರೆದು ನೀಲಿ ಬಳಿದುಬಿಟ್ಟೆ.

"ದ್ವೀಪ ಎಲ್ಲಿ ಹೋತವ್ವಾ?"

"ಯಾವ ದ್ವೀಪರೀ ಮಾವಾರ? ಹೊಲಸಾಗಿತ್ತು, ತೆಗದೆ."

"ಗೊತ್ತಿದ್ದಾಕಿನೇ ಅಳಸ್ತಾಳ."

ಅಚ್ಚುಕಟ್ಟಾಗಿ ಕೆಲಸ ಮಾಡಿದ್ದೇ ತಪ್ಪಾಯಿತು. ಕಳ್ಳಿಯೆನಿಸಿಕೊಂಡು ಈ ಮನೆಯಲ್ಲಿ ಬಾಳುವುದು ಹೇಗೆಂದು ಆ ವಾರ ಅನ್ನ ಸೇರಲಿಲ್ಲ.

ಕೊನೆಗೆ ಮಾವ ಬಸ್ಸು ಹತ್ತಿ ಹೋಗಿ ಆ ಗ್ಲೋಬನ್ನೇ ಕೊಂಡು ತಂದರು. ಅಂಗಳದಲ್ಲಿ ಕೂತು, ಅದರ ಹೆಸರಿನ ಚೀಟಿಗೆ ನೀರು ಹಚ್ಚಿ ಎಬ್ಬಿಸಿದರು. ಅಡಿಯಲ್ಲಿ ನಮ್ಮದೇ ಚೀಟಿ! ಯಾರೋ ನಮ್ಮ ಹಳೆಯ ಗ್ಲೋಬಿಗೆ ವಾರ್ನಿಷ್ ಹೊಡೆದು ಮಾರಿದ್ದರು.

"ನಮ್ಮಪ್ಪನ ಕೈಕೆಲಸ ಐತಿ ಇದು" ಎಂದರಷ್ಟೆ. ತಪ್ಪಾಯಿತೆನ್ನಲಿಲ್ಲ. ಮರುದಿನ ನನ್ನನ್ನು ಒಳಗೆ ಕರೆದು ಚಿಲಕ ಹಾಕಿದರು. "ಕೈ ತೊಳ್ಕೊಂಡು ಬಂದಿಯಿಲ್ಲೋ? ಹನ್ನೆರಡನೇದು ನೋಡು. ಎರಡ್ನೇ ಸಲ ಹೇಳಂಗಿಲ್ಲ."

ಹೋದ ವರ್ಷ ಮಾವ ತೀರಿಕೊಂಡರು. ಅವರು ಕೊನೆಗೆ ಕತ್ತರಿಸಿಟ್ಟಿದ್ದ ಪಟ್ಟಿಗಳನ್ನು ಮೊನ್ನೆ ಬಿಚ್ಚಿದೆ. ಹನ್ನೆರಡನೆಯದರಲ್ಲಿ, ಸಮುದ್ರದ ನಡುವೆ, ಅದೇ ಚುಕ್ಕೆ. ಸಾಯುವವರೆಗೂ ನನ್ನನ್ನು ಪರೀಕ್ಷೆ ಮಾಡುತ್ತಲೇ ಇದ್ದರಲ್ಲ ಎಂದು ಮೈ ಉರಿಯಿತು. ಬ್ಲೇಡು ಕೈಗೆತ್ತಿಕೊಂಡೆ. ಕೆರೆಯಲು ಮನಸ್ಸು ಬರಲಿಲ್ಲ, ಕಣ್ಣು ತುಂಬಿತ್ತು.

ಚುಕ್ಕೆ ಸಮೇತ ಅಂಟಿಸಿ, ಒಣಗಿದ ಮೇಲೆ ಗ್ಲೋಬನ್ನು ಕಿವಿಗೆ ಹಿಡಿದು ಅಲ್ಲಾಡಿಸಿದೆ. ಸದ್ದು ಬರಲಿಲ್ಲ. ನನ್ನ ಮುಖ ನೋಡುವವರೂ ಇರಲಿಲ್ಲ.